ಬೆಂಡೆಪುಡಿ ಡಬ್ಬಿಯ ಬಳೆಗಳು

ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರೂ ಇಖ್ಲಾಸ್‌ಗೆ ಸಿಕ್ಕಿದ್ದು ಬರೀ ಒಣ ಬೆಂಡೆಕಾಯಿ ಪುಡಿ. ಬಳೆಗಳಿಲ್ಲ!

ಮತ್ತೆ ತಡಕಿದಳು. ಕೊನೆಗೆ ಡಬ್ಬಿಯನ್ನೇ ಅಡುಗೆಮನೆಯ ನೆಲದ ಮೇಲೆ ಬೋರಲು ಹಾಕಿದಳು. ಹಸಿರು ಧೂಳೆದ್ದು ಮೂಗಿಗೆ ಹೊಡೆಯಿತು, ಸೀನು ಬಂತು, ಸೀನುತ್ತ ಸೀನುತ್ತಲೇ ಅಳು ಬಂತು.

ನಾಲ್ಕು ವರ್ಷದ ದುಡಿಮೆ ಅದು. ಒಮಾನಿನ ನಿಜ್ವಾ ಎಂಬ ಊರಿನ ಖಾಸಗಿ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಕಲಿಸಿ ಬಂದ ಸಂಬಳದಲ್ಲಿ ಬಾಡಿಗೆ, ಊಟ, ಊರಿಗೆ ಕಳಿಸುವುದು ಎಲ್ಲ ಕಳೆದು ಉಳಿದ ಪುಡಿಗಾಸು ಕೂಡಿಟ್ಟು, ಒಂದು ಬಳೆಗಾಗುವಷ್ಟಾದ ಕೂಡಲೇ ಪೇಟೆಯ ಚಿನ್ನದ ಅಂಗಡಿಗೆ ಓಡುತ್ತಿದ್ದಳು. ಬ್ಯಾಂಕಿನ ಸಹವಾಸ ಬೇಡವಾಗಿತ್ತು. ತನ್ನ ದೇಶ ಸುಡಾನಿನಲ್ಲಿ ಯುದ್ಧ ಶುರುವಾದಾಗ ಅವಳ ಪಾಸ್‌ಪೋರ್ಟ್ ನವೀಕರಣ ತಡವಾಗಿ, ಖಾತೆಗೆ ಬೀಗ ಬಿದ್ದು, ಮಗಳಿಗೆ ಔಷಧಿಯ ದುಡ್ಡು ಕಳಿಸಲಾಗದೆ ಒದ್ದಾಡಿದ್ದಳು. ಅಂದಿನಿಂದ ಚಿನ್ನ, ಡಬ್ಬಿ, ದೇವರು—ಇಷ್ಟನ್ನೇ ನಂಬಿದ್ದಳು.

ಮಗಳು ಮವಾಹಿಬ್ ಅಜ್ಜಿಯ ಜೊತೆ ಸುಡಾನಿನ ಕಸಲಾದಲ್ಲಿ, ಶಾಲೆಯೊಂದರ ಕೋಣೆಯಲ್ಲಿ ಇನ್ನೂ ಮೂರು ಸಂಸಾರಗಳೊಂದಿಗೆ ಮಲಗುತ್ತಿದ್ದಳು. ಅವರಿಬ್ಬರನ್ನೂ ಇಲ್ಲಿಗೆ ಕರೆಸಿಕೊಳ್ಳುವ ದುಡ್ಡು ಆ ಬಳೆಗಳಲ್ಲಿತ್ತು. ಮೊನ್ನೆ ಫೋನಿನಲ್ಲಿ "ಈ ಚಳಿಗಾಲಕ್ಕೆ ಖಂಡಿತ" ಎಂದು ಮಾತು ಕೊಟ್ಟಾಗಿತ್ತು.

ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಮಾದಾಮ್ ರೌದಾ ಬಂದಳು. ಟ್ಯುನೀಸಿಯಾದವಳು, ಸಂಸ್ಥೆಯ ಹಿರಿಯ ಅಧ್ಯಾಪಕಿ. ಪರೀಕ್ಷೆಯಲ್ಲಿ ಯಾರು ಯಾರದನ್ನು ನೋಡಿ ಬರೆದರೆಂದು ಉತ್ತರಪತ್ರಿಕೆ ಮೂಸಿಯೇ ಹೇಳುವ ಹೆಂಗಸು. ಬಾಯಿ ಮಾತ್ರ ಮೆಣಸಿನಕಾಯಿ.

"ಉಸ್ಸಪ್ಪಾ, ಇದೇನು ಮನೆನಾ, ರೊಟ್ಟಿ ಸುಡೋ ಒಲೆನಾ? ನಮ್ಮನೇನೂ ಇದೇ ಕಥೆ ಬಿಡು. ಎರಡು ತಿಂಗಳು ಮುಚ್ಚಿಟ್ಟು ಬಂದ್ರೆ ಲಿಪ್‌ಸ್ಟಿಕ್ ಎಲ್ಲ ಗಂಜಿ ಆಗಿದೆ." ನೆಲದ ಮೇಲಿನ ಪುಡಿ ನೋಡಿ ದನಿ ಇಳಿಸಿದಳು. "ಅತ್ತಿದ್ದು ಸಾಕು. ಹೇಳು. ನೀನು ಯಾವಾಗ ಹೋದೆ?"

"ಜೂನ್ ಕೊನೆಗೆ. ಸಲಾಲಾದಲ್ಲಿ ಬೇಸಿಗೆ ತರಗತಿ ತಗೊಂಡಿದ್ದೆ, ನಾಲ್ಕು ಕಾಸು ಸಿಗುತ್ತೆ ಅಂತ. ಇವತ್ತು ಬೆಳಿಗ್ಗೆ ಬಂದೆ."

"ಬಂದಾಗ ಬೀಗ?"

"ಹಾಕಿದ ಹಾಗೇ ಇತ್ತು. ಮೇನ್ ಸ್ವಿಚ್ಚೂ ಆಫ್ ಆಗಿತ್ತು."

"ಕೀಲಿ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ. ಇದೇ ಮನೇಲಿರೋ ರೊವೇನಾ ಹತ್ರ. ಮನೆ ಯಜಮಾನ ಖಲ್ಫಾನ್ ಹತ್ರ ಒಂದು. ಇನ್ನೊಂದು ನಮ್ಮ ಸಂಸ್ಥೆಯ ಪ್ರಾಸರ್‌ಗೆ ಕೊಟ್ಟಿದ್ದೆ, ಗಿಡಕ್ಕೆ ನೀರು ಹಾಕೋಕೆ."

ರೌದಾ ಜಗುಲಿಗೆ ಹೋಗಿ ನೋಡಿದಳು. ಕುಂಡದ ಕಾಮಕಸ್ತೂರಿ ಒಣಗಿ ಕಡ್ಡಿಯಾಗಿತ್ತು.

"ನೀರು ಕಂಡು ತಿಂಗಳ ಮೇಲಾಗಿದೆ. ಅಂದ್ರೆ ಯಾರೂ ಬಂದಿಲ್ಲ ಅಂತ ನಾವು ಅಂದ್ಕೋಬೇಕು."

"ಪೊಲೀಸರಿಗೆ ಹೇಳಲಾ ಮಾದಾಮ್?"

"ಹೇಳು. ಮೊದಲು ಹಿಡಿಯೋದು ರೊವೇನಾನ. ತಪ್ಪಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ಅವಳ ಕೆಲಸ ಹೋಗಿರುತ್ತೆ. ಎರಡು ದಿನ ನನಗೆ ಕೊಡು."

ರಜೆಗೆ ಊರಿಗೆ ಹೋಗಿದ್ದ ರೊವೇನಾ ಸಂಜೆ ಮನಿಲಾದಿಂದ ಬಂದಳು, ಕೈಯಲ್ಲಿ ಇಖ್ಲಾಸ್‌ಗೆಂದೇ ತಂದ ಒಣಮಾವಿನ ಪೊಟ್ಟಣ. ಇಖ್ಲಾಸ್‌ಗೆ ಅದು ಕಣ್ಣಿಗೇ ಬೀಳಲಿಲ್ಲ.

"ನಾನು ಹೋದ ಮೇಲೆ ಒಂದು ವಾರ ನೀನೊಬ್ಬಳೇ ಇದ್ದೆ. ಅಡುಗೆಮನೇಲಿ ಅಕ್ಕಿ ಇಲ್ಲ, ಬೇಳೆ ಇಲ್ಲ. ಒಂದೊಂದೇ ಡಬ್ಬಿ ಜಾಲಾಡಿದ್ದೀಯ!"

"ನಾನು ಹೋಗುವಾಗ ಎಲ್ಲಾ ಡಬ್ಬೀನೂ ತುಂಬಿತ್ತು. ಒಂದು ವಾರದಲ್ಲಿ ಅಷ್ಟು ಬೇಳೆ ತಿನ್ನೋಕೆ ನಾನೇನು ಒಂಟೆನಾ?"

"ಹಾಗಾದ್ರೆ ಕಳ್ಳ ಬಂದು ಬೇಳೆಸಾರು ಮಾಡ್ಕೊಂಡು ಉಂಡು ಹೋದ್ನಾ?"

ರೊವೇನಾಳ ಮುಖ ಬಿಳಿಚಿಕೊಂಡಿತು. "ಅಕ್ಕಾ, ನಿಂಗೆ ಜ್ವರ ಬಂದಾಗ ಪಕ್ಕದಲ್ಲೇ ಕೂತಿದ್ದವಳು ನಾನು."

"ಆಗಲೇ ನೋಡಿಟ್ಟಿರಬೇಕು ಡಬ್ಬೀನ."

ಆಡಿದ ಮಾತು ಆಡಿ ಆಗಿತ್ತು. ರೊವೇನಾ ಅಲ್ಲೇ ಪೆಟ್ಟಿಗೆ ಕಟ್ಟಿದಳು. ನಡುಮನೆಯ ಕಿಟಕಿಯಲ್ಲಿದ್ದ ಕನ್ಯಾ ಮರಿಯಮ್ಮನ ಚಿತ್ರವನ್ನು ಎದೆಗವಚಿಕೊಂಡು ತನ್ನ ಊರಿನವರ ಮನೆಗೆ ಹೊರಟುಹೋದಳು. ಚಿತ್ರದ ಮುಂದಿನ ಉದ್ದನೆಯ ಬಿಳಿ ಮೇಣದಬತ್ತಿಯನ್ನು ಮರೆತಳೋ, ಬೇಕೆಂದೇ ಬಿಟ್ಟಳೋ. ಒಣಮಾವಿನ ಪೊಟ್ಟಣವೂ ಮೇಜಿನ ಮೇಲೇ ಉಳಿಯಿತು.

ಮಾರನೆಯ ದಿನ ಖಲ್ಫಾನನ ಸರದಿ. ಪಕ್ಕದಲ್ಲೇ ಅವನ ಖರ್ಜೂರದ ಉಗ್ರಾಣ. ಕಾಫಿ ಬಗ್ಗಿಸಿಕೊಟ್ಟು ಮುದುಕ ಎದೆಯ ಮೇಲೆ ಕೈಯಿಟ್ಟ.

"ಕೀಲಿ ಅಲ್ಲೇ ಮೊಳೆಗೆ ನೇತಾಡ್ತಿದೆ, ಮಗಳೇ. ಸೆಕೆಗಾಲ ಪೂರ್ತಿ ನಾನು ಬೆಟ್ಟದ ಮೇಲೆ ಮಗನ ಮನೇಲಿದ್ದೆ. ಇಲ್ಲಿ ಬಂದು ನೋಡಿದ್ರೆ ಕರೆಂಟ್ ಬಿಲ್ಲು ಹೀಗೆ! ಈ ಉಗ್ರಾಣದ ತಂಪು ಯಂತ್ರ ನನ್ನ ರಕ್ತ ಕುಡೀತಿದೆ."

"ಈ ಮನೆಗೂ ಉಗ್ರಾಣಕ್ಕೂ ಒಂದೇ ಮೀಟರಾ?" ರೌದಾ ಕೇಳಿದಳು.

"ಹೂಂ. ನನ್ನ ಹಣೆಬರಹ."

ಪ್ರಾಸರ್ ಸಿಕ್ಕಿದ್ದು ಅಧ್ಯಾಪಕರ ಕೋಣೆಯಲ್ಲಿ. ವೇಲ್ಸ್‌ನವನು, ಐವತ್ತೆಂಟರ ಆಸುಪಾಸು, ಸಂಸ್ಥೆಯ ವಸತಿಯಲ್ಲೇ ವಾಸ, ಇಂಗ್ಲಿಷ್ ಮಾತೃಭಾಷೆಯವನೆಂದು ಇವರೆಲ್ಲರ ಎರಡರಷ್ಟು ಸಂಬಳ. ಆದರೂ ಅವನ ಮೇಲೆ ಯಾರಿಗೂ ಹೊಟ್ಟೆಯುರಿ ಇರಲಿಲ್ಲ. ಹೊಸದಾಗಿ ಬಂದ ಅಧ್ಯಾಪಕರನ್ನು ಬುಧವಾರ ಸಂಜೆ ಕೂರಿಸಿಕೊಂಡು ಪರದೇಶದಲ್ಲಿ ಸಂಬಳ ಉಳಿಸುವುದು ಹೇಗೆಂದು ಪುಕ್ಕಟೆ ಪಾಠ ಹೇಳುವ ಪುಣ್ಯಾತ್ಮ. "ಸಂಬಳ ಬಂದ ದಿನವೇ ಅರ್ಧ ಎತ್ತಿಡಿ, ಉಳಿದರ್ಧ ಮಾತ್ರ ನಿಮ್ಮದು"—ಇಖ್ಲಾಸ್‌ಗೆ ಆ ಮಾತು ಬಾಯಿಪಾಠ.

ಪ್ರತಿ ರಜೆಯ ನಂತರದಂತೆ ಈ ಸಲವೂ ಎಲ್ಲರಿಗೂ ಊರಿನ ಬಿಸ್ಕತ್ತಿನ ಡಬ್ಬಿ ಹಂಚುತ್ತಿದ್ದ.

"ಅಯ್ಯೋ, ಚಿನ್ನವಾ? ಮನೇಲಾ?" ಅವನು ತಲೆ ಚಚ್ಚಿಕೊಂಡ. "ಬ್ಯಾಂಕಲ್ಲಿಡು ಅಂತ ಎಷ್ಟು ಬಡ್ಕೊಂಡೆ ನಿಂಗೆ, ಇಖ್ಲಾಸ್?"

"ಗಿಡ ಒಣಗಿದೆ, ಪ್ರಾಸರ್," ಎಂದಳು ರೌದಾ.

"ರೊವೇನಾ ಹೋದ ಮೇಲೆ ಒಂದು ವಾರ ನೀರು ಹಾಕಿದೆ. ಆಮೇಲೆ ನಾನೂ ವಿಮಾನ ಹತ್ತಿದೆ. ಮೊನ್ನೆಯಷ್ಟೇ ಬಂದಿದ್ದು. ತಗೊಳ್ಳಿ ಕೀಲಿ. ಕ್ಷಮಿಸು ಕಣೇ."

"ಊರಲ್ಲಿ ಮಳೆಯಾ?"

"ಬಿಡದ ಮಳೆ. ಮೂಳೆಯೊಳಗೆ ನೀರಿಳಿದಿದೆ." ಎಲ್ಲರೂ ನಕ್ಕರು. ಇಖ್ಲಾಸ್ ಕೂಡ, ಪಾಪ, ತುಟಿ ಅಗಲಿಸಿದಳು.

ಆ ಸಂಜೆ ರೌದಾ ಮತ್ತೆ ಬಂದಳು, ಕೈಯಲ್ಲೊಂದು ಚೀಲ. ಹಿಂದೆಯೇ ಪ್ರಾಸರ್.

"ಇವನನ್ಯಾಕೆ ಕರ್ಕೊಂಡು ಬಂದ್ರಿ?"

"ಬುದ್ಧಿವಂತ ಅಲ್ವಾ, ಒಂದು ಲೆಕ್ಕ ಬಿಡಿಸ್ಲಿ ಅಂತ. ಕೂತ್ಕೋ ಪ್ರಾಸರ್."

ಚೀಲದಿಂದ ಅವಳು ಮೇಣದಬತ್ತಿಯೊಂದನ್ನು ತೆಗೆದು ಕಿಟಕಿಯಲ್ಲಿಟ್ಟಳು. ಅದು ಬತ್ತಿಯೆಂದು ಹೇಳಿದರಷ್ಟೇ ತಿಳಿಯಬೇಕು. ನಡು ಬಗ್ಗಿ, ತಲೆ ಬುಡಕ್ಕೆ ತಾಕಿ, ಮುದುಡಿ ಮಲಗಿತ್ತು.

"ಇದು ನನ್ನ ಮನೇದು. ಉರಿಸಿದ್ದಲ್ಲ. ಎರಡು ತಿಂಗಳು ಮುಚ್ಚಿದ ಮನೇಲಿ ಸುಮ್ನೆ ನಿಂತಿದ್ದು ಹೀಗಾಗಿದೆ. ಈಗ ರೊವೇನಾ ಬಿಟ್ಟುಹೋದ ಬತ್ತಿ ನೋಡು."

ಇಖ್ಲಾಸ್ ನೋಡಿದಳು. ಬಂದಾಗಿನಿಂದ ಕಣ್ಣೆದುರಿಗೇ ಇತ್ತು. ನೆಟ್ಟಗೆ, ಸಿಪಾಯಿಯ ಹಾಗೆ ನಿಂತಿತ್ತು.

"ಸೆಕೆ ಇದರ ತಂಟೆಗೆ ಬಂದಿಲ್ಲ," ಎಂದಳು ರೌದಾ. "ಯಾಕೆ? ಈ ಮನೇಲಿ ಎರಡು ತಿಂಗಳೂ ಏಸಿ ಓಡಿದೆ. ಖಲ್ಫಾನ್ ಸುಮ್ನೆ ಉಗ್ರಾಣದ ಯಂತ್ರಕ್ಕೆ ಶಾಪ ಹಾಕ್ತಿದ್ದಾನೆ. ಯಾರೋ ಇಲ್ಲಿ ವಾಸ ಮಾಡಿದ್ದಾರೆ. ಕಳ್ಳ ಬೇಳೆಸಾರು ಮಾಡ್ಕೊಂಡ್ನಾ ಅಂತ ರೊವೇನಾನ ಕೇಳಿದ್ದು ಹೇಳಿದ್ಯಲ್ಲ, ಹೌದು, ಮಾಡ್ಕೊಂಡ. ಅಕ್ಕಿ ಮುಗಿಸಿದ, ಬೇಳೆ ಮುಗಿಸಿದ. ಜಗುಲಿಯ ಗಿಡ ಒಣಗೋಕೆ ಬಿಟ್ಟು ತಾನು ಒಳಗೆ ತಂಪಾಗಿದ್ದ. ಯಾರಾದ್ರೂ ನೋಡಿದ್ರೆ ಮನೆ ಖಾಲಿ ಅನ್ಕೋಬೇಕಲ್ಲ? ನೀನು ಬರೋ ಮುಂಚೆ ಮೇನ್ ಆಫ್ ಮಾಡಿ ಹೋದ."

"ಯಾರು?"

"ರೊವೇನಾ ಮನಿಲಾದಲ್ಲಿದ್ದಳು. ಖಲ್ಫಾನನಿಗೆ ಬೆಟ್ಟದ ಮೇಲೆ ತಂಪು ಮನೆ ಇದೆ, ಸೊಸೆ ಕೈ ಊಟ ಇದೆ. ನಮ್ಮ ಸಂಸ್ಥೆಯ ವಸತಿಯಲ್ಲಿ ರಜೆ ಬಂದ್ರೆ ಕಾವಲುಗಾರ ಕರೆಂಟು ತೆಗೆದು ಬೀಗ ಜಡೀತಾನೆ. ಅಲ್ಲಿರೋನಿಗೆ ಊರಿಗೆ ಹೋಗೋಕೂ ಆಗಲ್ಲ, ಹೋಗಿಲ್ಲ ಅಂತ ಹೇಳೋಕೂ ಆಗಲ್ಲ ಅಂದ್ರೆ?" ಚೀಲದಿಂದ ಬಿಸ್ಕತ್ತಿನ ಡಬ್ಬಿ ತೆಗೆದು ಬೋರಲು ಮಾಡಿದಳು. ತಳದಲ್ಲಿ ಕಿತ್ತ ಚೀಟಿಯೊಂದರ ತುಣುಕು, ಅದರ ಮೇಲೆ ಅರಬ್ಬಿ ಅಕ್ಷರ. "ವೇಲ್ಸ್‌ನಲ್ಲಿ ಅರಬ್ಬಿ ಚೀಟಿ ಅಂಟಿಸಿ ಮಾರ್ತಾರಾ, ಪ್ರಾಸರ್? ಇದು ಇಲ್ಲೇ ಪೇಟೇಲಿ ಕೊಂಡಿದ್ದು."

ಪ್ರಾಸರ್ ಎರಡೂ ಬತ್ತಿಗಳನ್ನು ನೋಡುತ್ತ ಕುಳಿತ. ಇಖ್ಲಾಸ್ ಎದ್ದು ಅವನೆದುರು ನಿಂತಳು.

"ಸುಳ್ಳು ಅಂತ ಹೇಳು. ಹೇಳೋ!"

"ನಾನು ಕದಿಯೋಕೆ ಬಂದಿರಲಿಲ್ಲ," ಎಂದ ಅವನು, ನೆಲಕ್ಕೆ ಹೇಳುವವನಂತೆ. "ಹನ್ನೆರಡು ವರ್ಷದ ಉಳಿತಾಯಾನ ಕಟ್ಟದೇ ಹೋದ ಒಂದು ಅಪಾರ್ಟ್‌ಮೆಂಟಿಗೆ ಸುರಿದೆ. ಅದಕ್ಕೇ ಅಂತ ಇಲ್ಲಿ ಸಾಲಾನೂ ಮಾಡಿದೆ. ಸಾಲ ತೀರೋವರೆಗೂ ದೇಶ ಬಿಡೋ ಹಾಗಿಲ್ಲ, ನನ್ನ ಹೆಸರಿಗೆ ನಿಷೇಧ ಇದೆ. ಮೂರು ಬೇಸಿಗೆ ಆಯ್ತು, ಊರು ನೋಡಿಲ್ಲ. ಸಂಸ್ಥೆ ಕೊಡೋ ಟಿಕೆಟ್ ದುಡ್ಡಲ್ಲಿ ಬಿಸ್ಕತ್ತು ತರ್ತೀನಿ. ಉಳಿತಾಯದ ಪಾಠ ಹೇಳೋ ಬಾಯಲ್ಲಿ ಇದನ್ನ ಹೇಗೆ ಹೇಳ್ಲಿ?"

"ಬಳೆ?"

"ಅಕ್ಕಿ, ಬೇಳೆ ಎಲ್ಲ ಮುಗಿದು ಆ ಹಸಿರು ಪುಡಿ ಒಂದೇ ಉಳಿದಿತ್ತು. ನಿನ್ನ ಕೈ ಸಾರು ನೆನಪಾಯ್ತು. ಸೌಟು ಹಾಕಿದೆ, ಟಣ್ ಅಂತು." ಅವನು ಮುಖ ಮುಚ್ಚಿಕೊಂಡ. "ಮೂರು ದಿನ ವಾಪಸ್ ಅಲ್ಲೇ ಇಟ್ಟಿದ್ದೆ, ಇಖ್ಲಾಸ್. ದೇವರಾಣೆ. ನಾಲ್ಕನೇ ದಿನ ಮಸ್ಕತ್ತಿಗೆ ಹೋಗಿ ಮಾರಿದೆ."

"ದುಡ್ಡೆಲ್ಲಿ?"

"ಬ್ಯಾಂಕಿಗೆ ಕಟ್ಟಿದೆ. ಬಿಡುಗಡೆ ಆಗುತ್ತೆ ಅಂದ್ಕೊಂಡಿದ್ದೆ. ಎಲ್ಲ ಬಡ್ಡಿಗೇ ಹೋಯ್ತು. ಅಸಲು ಹಾಗೇ ಇದೆ."

ಇಖ್ಲಾಸ್ ಕೈಯೆತ್ತಿದಳು. ಹೊಡೆಯಲಿಲ್ಲ. ಅವನ ಕಾಲರಿನ ಅಂಚು ಸವೆದು ನೂಲು ಬಿಟ್ಟಿದ್ದು ಆಗಷ್ಟೇ ಕಂಡಿತು. ಎರಡರಷ್ಟು ಸಂಬಳದವನ ಕಾಲರು! ನೋಡಿ ಕನಿಕರ ಬರಲಿಲ್ಲ, ಎತ್ತಿದ ಕೈಯಿಂದಲೇ ಬಾಗಿಲು ತೋರಿಸಿದಳು.

ಅವನು ಹೋದ ಮೇಲೆ ರೌದಾ ಮೆಲ್ಲಗೆ ಹೇಳಿದಳು, "ನಾಳೆ ದೂರು ಕೊಡೋಣ. ಅವನು ಜೈಲಿಗೆ ಹೋಗ್ತಾನೆ."

"ನನ್ನ ಬಳೆ?"

ರೌದಾ ಚೀಲ ಮಡಚಿಕೊಂಡು, ಇಖ್ಲಾಸಳ ತಲೆ ಸವರಿ ಹೊರಟಳು.

ಇಖ್ಲಾಸ್ ರೊವೇನಾಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲ ರೊವೇನಾ ಕರೆಯನ್ನೇ ಕತ್ತರಿಸಿದಳು. ಮೇಜಿನ ಮೇಲಿನ ಒಣಮಾವಿನ ಪೊಟ್ಟಣವನ್ನು ಒಡೆಯುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಫೋನೇ ರಿಂಗಾಯಿತು. ಮವಾಹಿಬ್. ಹಿಂದೆ ಯಾರದೋ ಮಗು ಅಳುತ್ತಿತ್ತು.

"ಅಮ್ಮಾ, ಅಜ್ಜಿ ಕೇಳ್ತಿದ್ದಾಳೆ, ಯಾವ ತಿಂಗಳು ಅಂತ. ಚಳಿಗಾಲದ ಬಟ್ಟೆ ಇಲ್ಲಿಂದ ತರಬೇಕಾ, ಅಲ್ಲೇ ಸಿಗುತ್ತಾ?"

ಹೇಳಿಬಿಡಬೇಕೆಂದು ಇಖ್ಲಾಸ್ ಬಾಯಿ ತೆರೆದಳು. ಹುಡುಗಿಯ ದನಿಯಲ್ಲಿ ಎಷ್ಟು ಖುಷಿಯಿತ್ತೆಂದರೆ, ಹೊರಗೆ ಬಂದದ್ದೇ ಬೇರೆ.

"ದುಡ್ಡೆಲ್ಲ ಸರಿಯಾಗಿದೆ, ಕಂದಾ. ಜೋಪಾನವಾಗಿದೆ. ವೀಸಾ ಸ್ವಲ್ಪ ತಡ ಆಗ್ತಿದೆ, ಅಷ್ಟೇ."

"ಆಣೆ?"

"ಆಣೆ," ಎಂದಳು. "ಇಲ್ಲಿ ನೋಡು, ಬಿಡದ ಕೆಲಸ," ಎಂದು ನಕ್ಕಳು ಕೂಡ. ಆ ನಗು ಕಿವಿಗೆ ಬಿದ್ದೊಡನೆ ಅದು ಯಾರದೆಂದು ಅವಳಿಗೆ ಗೊತ್ತಾಯಿತು. ಅಧ್ಯಾಪಕರ ಕೋಣೆಯಲ್ಲಿ, ಬಿಸ್ಕತ್ತಿನ ಡಬ್ಬಿ ಹಂಚುತ್ತ, ಊರಿನ ಮಳೆಯ ಸುದ್ದಿ ಹೇಳುತ್ತ ಪ್ರಾಸರ್ ನಕ್ಕಿದ್ದು ಹೀಗೇ.