ಕರಡಿ ಶೆಟ್ಟರ ಅಂಗಡಿಯ ಹಲಸಿನ ಗಿಟಾರು

ಬಹಳ ಬಹಳ ಹಿಂದೆ, ಮಿಂಚನ್ನು ಹಸುವಿನ ಹಾಗೆ ಸಾಕಿಕೊಂಡಿದ್ದ ಮಿಂಚಾವತಿ ಎಂಬ ರಾಜ್ಯವಿತ್ತು. ಮಳೆಗಾಲ ಬಂತೆಂದರೆ ಜನ ಬೆಟ್ಟ ಹತ್ತಿ ಕೊಡಗಳಲ್ಲಿ ಮಿಂಚು ಹಿಡಿದು ತರುತ್ತಿದ್ದರು. ಆ ಮಿಂಚಿನಲ್ಲೇ ದೀಪ, ಆ ಮಿಂಚಿನಲ್ಲೇ ಅಡುಗೆ. ಗಿಟಾರು ನುಡಿಸುವವರು ಗಿಟಾರಿನ ಬಾಲದಂಥ ತಂತಿಯೊಂದನ್ನು ಕೊಡದೊಳಗೆ ಇಳಿಬಿಟ್ಟು, ಬೆರಳಿನಿಂದ ಹಾಗೆ ಸವರಿದರೆ ಸಾಕು, ಎದುರಿಗಿಟ್ಟ ಕೊಡ ಗುಡುಗುತ್ತಿತ್ತು.

ಆ ರಾಜ್ಯದಲ್ಲಿ ಕೆಂಚರಾಯ ಎಂಬ ಯುವಕನಿದ್ದ. ಮಿಂಚಿನ ಗಿಟಾರಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೆರಳು ಬೆಣ್ಣೆಯಷ್ಟು ಮೆತ್ತಗೆ, ಕೊಡದ ಸದ್ದು ಮಾತ್ರ ಏಳೂರಿಗೆ! ತಾಯಿ ತೀರಿಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ ಸಿರಿಯವ್ವ. "ಮೆಲ್ಲಗೆ ನುಡಿಸೋ ಮಹರಾಯ, ಹೆಂಚು ಹಾರಿಹೋದಾವು" ಎಂದು ಬೈಯುತ್ತಲೇ ಅವಳು ತಮ್ಮನ ತಟ್ಟೆಗೆ ತುಪ್ಪ ಬಡಿಸುತ್ತಿದ್ದಳು.

ಊರಾಚೆಯ ಗುಹೆಯಲ್ಲಿ ಮೂಕಭೈರವನೆಂಬ ಮಾಂತ್ರಿಕನಿದ್ದ. ಅವನಿಗೆ ಸದ್ದೆಂದರೆ ಆಗದು. ಒಂದು ದಿನ ಕೆಂಚರಾಯನ ಅಬ್ಬರಕ್ಕೆ ಗುಹೆಯ ಕಲ್ಲೊಂದು ಕಳಚಿ, ಮಾಂತ್ರಿಕನ ಗಂಜಿಯ ಮಡಕೆಯ ಮೇಲೆ ಬಿತ್ತು. ಹಸಿದ ಮಾಂತ್ರಿಕನಿಗೆ ವಿವೇಕ ಎಲ್ಲಿಂದ ಬರಬೇಕು? ಧುಮುಗುಡುತ್ತ ಬಂದವನೇ, ಬಾಗಿಲು ತೆರೆದ ಸಿರಿಯವ್ವನ ಮೇಲೆ ಬೂದಿ ಎರಚಿದ. ಅವಳು ಗೊರವಂಕ ಹಕ್ಕಿಯಾದಳು. ಅವನು ಹಕ್ಕಿಯನ್ನು ಪಂಜರಕ್ಕೆ ಹಾಕಿಕೊಂಡು ಹೊರಟುಹೋದ.

ಕೆಂಚರಾಯ ಅಳುತ್ತ ಅವನ ಹಿಂದೆಯೇ ಗುಹೆಗೆ ಓಡಿದ. "ತಪ್ಪು ನಂದು ಬುದ್ಧಿ, ಅಕ್ಕನ್ನ ಬಿಟ್ಟುಬಿಡಿ" ಎಂದು ಕಾಲು ಹಿಡಿದ.

ಬೇಡಿ ಬಂದವರಿಗೆ ಮಾಂತ್ರಿಕರು ಒಂದು ಪಂಥ ಒಡ್ಡಲೇಬೇಕು. ಆ ಪಂಥದಲ್ಲಿ ಸೋತರೆ ಅವರ ಮಂತ್ರ ನಾಲಿಗೆಯಿಂದ ಇಳಿದುಹೋಗುತ್ತದೆ. ಮೂಕಭೈರವ ನಕ್ಕು ಹೇಳಿದ: "ಮೂರು ಸಲ ಬಂದು ಇಲ್ಲಿ ಗಿಟಾರು ನುಡಿಸು. ನಿನ್ನಕ್ಕ ಒಂದೇ ಒಂದು ಸಲ ನಿನ್ನ ಕಡೆ ತಿರುಗಿದರೆ ಬಿಟ್ಟೆ. ಹಳೆ ಗರಿ ಉದುರಿ ಹೊಸ ಗರಿ ಮೂಡಿತೋ, ಆಮೇಲೆ ಅವಳು ಹಕ್ಕಿಯೇ." ಅವನ ನಗೆಗೆ ಕಾರಣವಿತ್ತು. ಆ ಗುಹೆಯೊಳಗೆ ಮಿಂಚು ಬದುಕುತ್ತಿರಲಿಲ್ಲ. ಕೊಡ ತಂದರೆ ಬಾಗಿಲಲ್ಲೇ ಆರಿಹೋಗುತ್ತಿತ್ತು.

ಮಿಂಚು ಬೇಡದ ಮರದ ಗಿಟಾರು ಸಿಗುವುದು ಒಂದೇ ಕಡೆ, ತಂತಿಪೇಟೆಯ ಕರಡಿ ಶೆಟ್ಟರ ಅಂಗಡಿಯಲ್ಲಿ. ಶೆಟ್ಟರು ನಿಜವಾದ ಕರಡಿ. ಕೊರಳಲ್ಲಿ ಜರಿ ಶಲ್ಯ, ಹಣೆಯಲ್ಲಿ ಕುಂಕುಮ, ಎದುರಿಗೆ ತಕ್ಕಡಿ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ನಮ್ಮಲ್ಲಿ ದುಡ್ಡು ನಡೆಯೋಲ್ಲ ಸ್ವಾಮಿ. ಒಂದೊಂದು ಗಿಟಾರು ಒಂದೊಂದು ಕೇಳುತ್ತೆ. ತಗೊಂಡು ಹೋಗಿ ನುಡಿಸಿ ನೋಡೋದು ಪುಕ್ಕಟೆ. ಮನಸ್ಸಿಗೆ ಬಂದ್ರೆ ಮಾತ್ರ ಬೆಲೆ."

ಕೆಂಚರಾಯನ ಕಣ್ಣು ಎಲ್ಲಕ್ಕಿಂತ ದೊಡ್ಡ ಹೊಟ್ಟೆಯ ಗಿಟಾರಿನ ಮೇಲೆ ಬಿತ್ತು. ಹೊಟ್ಟೆ ದೊಡ್ಡದಾದರೆ ಸದ್ದೂ ದೊಡ್ಡದು ಎಂದುಕೊಂಡ. "ಇದರ ಬೆಲೆ ಏನು ಶೆಟ್ಟರೇ?"

"ನಿಮ್ಮ ನಗು."

ಅವನು ಅದನ್ನು ಹೊತ್ತು ಗುಹೆಗೆ ಹೋದ. ತೋಳಿಗೆ ನಿಲುಕದ ಆ ಗಿಟಾರು ಹಂಡೆ ಉರುಳಿಸಿದ ಹಾಗೆ ಗುಂಯ್‌ಗುಟ್ಟಿತು. ಯಾವ ಸ್ವರ ಎಲ್ಲಿ ಮುಗಿಯಿತೋ ಯಾರಿಗೂ ತಿಳಿಯಲಿಲ್ಲ. ಗೊರವಂಕ ರೆಕ್ಕೆಯೊಳಗೆ ತಲೆ ಹುದುಗಿಸಿತು. ಅದರ ಗರಿ ಉದುರತೊಡಗಿತು.

ಕೆಂಚರಾಯ ಗಿಟಾರನ್ನು ಹಿಂದಿರುಗಿಸಿದ. "ಒಳ್ಳೇದಾಯ್ತು ಬಿಡಿ. ನಗು ಕಳ್ಕೊಂಡ ತಮ್ಮನ ಮನೆಗೆ ಅಕ್ಕ ಬಂದು ಏನು ಮಾಡ್ಬೇಕು?" ಎಂದರು ಶೆಟ್ಟರು.

ಎರಡನೆಯ ಸಲ ಅವನು ತನ್ನ ಮಿಂಚಿನ ಗಿಟಾರಿನಂತೆಯೇ ಇದ್ದದ್ದನ್ನು ಹುಡುಕಿದ. ತೆಳ್ಳನೆಯ ಮೈ, ಸಪೂರ ಕತ್ತು, ಮುಟ್ಟಿದರೆ ಸಾಕು ಮಣಿಯುವ ಸಣ್ಣ ತಂತಿ. ಬೆರಳಿಗೆ ಮನೆಗೆ ಬಂದಷ್ಟು ಹಿತವಾಯಿತು. ಅದರ ಬೆಲೆ ಅಮ್ಮನ ಮುಖದ ನೆನಪು. ಕೆಂಚರಾಯ ಗಿಟಾರನ್ನು ಒಮ್ಮೆ ಕೆಳಗಿಟ್ಟ. ಆದರೂ ಅಕ್ಕನಿಗಾಗಿ ಅದನ್ನೆತ್ತಿಕೊಂಡು ಹೋದ.

ಗುಹೆಯಲ್ಲಿ ಅವನ ಕಿವಿಗೆ ಅದು ಜೇನಾಗಿ ಕೇಳಿಸಿತು. ಕಣ್ಣು ಮುಚ್ಚಿ ನುಡಿಸಿದ್ದೇ ನುಡಿಸಿದ್ದು. ಕಣ್ಣು ತೆರೆದರೆ ಗೊರವಂಕ ಆ ಕಡೆ ಮುಖ ಮಾಡಿ ಕಾಳು ಹೆಕ್ಕುತ್ತಿದೆ! ಜೋರಾಗಿ ಮೀಟಿದ. ತಂತಿಗಳು ಹಲಗೆಗೆ ತಾಗಿ ಕರಕರ ಎಂದವು.

"ಏನಪ್ಪಾ, ಶುರು ಮಾಡೋದು ಯಾವಾಗ?" ಎಂದು ಪಂಜರದ ಪಕ್ಕ ಕೂತಿದ್ದ ಮೂಕಭೈರವ ಕೇಳಿದ. ಅವನು ಅಣಕಿಸುತ್ತಿರಲಿಲ್ಲ. ಆ ಕರಕರ ಬಿಟ್ಟರೆ ನಿಜವಾಗಿಯೂ ಅವನಿಗೆ ಏನೂ ಕೇಳಿಸಿರಲಿಲ್ಲ.

ದಾರಿಯುದ್ದಕ್ಕೂ ಕೆಂಚರಾಯ ಆ ಮಾತನ್ನೇ ಯೋಚಿಸಿದ. ಮಿಂಚಿನ ಗಿಟಾರಿನಲ್ಲಿ ಸದ್ದು ಎದುರಿನ ಕೊಡದಿಂದ ಬರುತ್ತಿತ್ತು. ತನಗೆ ಕೇಳಿದ್ದೇ ಊರಿಗೂ ಕೇಳುತ್ತಿತ್ತು. ಮರದ ಗಿಟಾರು ಹಾಗಲ್ಲವಲ್ಲ! ಅದರ ಬಾಯಿರುವುದು ಕೇಳುವವರ ಕಡೆಗೆ. ತಾನೋ ಅದರ ಬೆನ್ನ ಹಿಂದೆ ಕೂತು ಆರಿಸುತ್ತಿದ್ದ. ಹಣೆ ಚಚ್ಚಿಕೊಂಡ ಅವನು ಗಿಟಾರು ಹಿಂದಿರುಗಿಸಲು ಅಂಗಡಿಗೆ ಓಡಿದ.

"ಶೆಟ್ಟರೇ, ಈ ಸಲ ನೀವು ನುಡಿಸಿ. ನಾನು ಎದುರಿಗೆ ಕೂತು ಕೇಳ್ತೀನಿ."

ಕರಡಿ ಶೆಟ್ಟರು ನಾಚಿದರು. ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ನುಡಿಸಿ ಎಂದಿರಲಿಲ್ಲ. "ಅಯ್ಯೋ, ನಂಗೆ ಬರೋದು ಒಂದೇ ಹಾಡು ಸ್ವಾಮಿ" ಎನ್ನುತ್ತ ಶಲ್ಯ ಸರಿಮಾಡಿಕೊಂಡು, ಒಂದೊಂದಾಗಿ ಗಿಟಾರು ಎತ್ತಿಕೊಂಡರು. ದಂತದ ಕೆತ್ತನೆಯದು ಗೊಣಗಿತು. ಬೆಳ್ಳಿ ಬಳ್ಳಿಯದು ಕಿರುಚಿತು. ಹಲಸಿನ ಹಲಗೆಯದೊಂದಿತ್ತು, ಹೊಳಪಿಲ್ಲದ್ದು, ಹೊಟ್ಟೆ ದೊಡ್ಡದೂ ಅಲ್ಲ ಚಿಕ್ಕದೂ ಅಲ್ಲ. ಕರಡಿಯ ಒರಟು ಪಂಜ ತಾಗಿದರೂ ಅದರ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಬಂದು ಕೆಂಚರಾಯನ ಮುಂದೆ ಕೂತಿತು. ಅವನು ಎದ್ದು ನಿಂತ.

"ಇದೇ. ಇದರ ಬೆಲೆ?"

"ನಿಮ್ಮ ಬೆರಳಿನ ಮೆತ್ತನೆ. ತಂತಿ ದಪ್ಪ, ಕೊಂಚ ಎತ್ತರ ಬೇರೆ. ತಂತಿ ಹೊತ್ತಿರೋ ಈ ಪಟ್ಟಿ, ಕುದುರೆ ಅಂತೀವಿ, ಇದನ್ನ ಉಜ್ಜಿ ತಂತಿ ಇಳಿಸಿಕೊಡ್ತೀನಿ. ಆದ್ರೂ ನೋವು ತಪ್ಪಿದ್ದಲ್ಲ."

"ಅದನ್ನ ಕೊಡಬಲ್ಲೆ" ಎಂದ ಕೆಂಚರಾಯ. ತಕ್ಕಡಿಯ ಮೇಲೆ ಕೈಯಿಟ್ಟ. ಶೆಟ್ಟರು ತೂಗಿ ನೋಡಿ, ಸರಿಹೋಯಿತು ಎಂದರು.

ಮನೆಯಲ್ಲಿ ಕೂತು ಅಭ್ಯಾಸ ಮಾಡಿದ. ಬೆರಳು ಉರಿಯಿತು, ಬೊಬ್ಬೆ ಎದ್ದಿತು, ಒಡೆಯಿತು, ಗಟ್ಟಿಯಾಯಿತು. ಸವರುವುದನ್ನು ಬಿಟ್ಟು ಮೀಟುವುದನ್ನು ಕಲಿತ. ಆಮೇಲೆ ಗುಹೆಗೆ ಹೋದ.

ಗೊರವಂಕದ ಮೈಮೇಲೆ ಹಳೆಯ ಗರಿ ಒಂದೇ ಉಳಿದಿತ್ತು. ಕೆಂಚರಾಯ ಗಿಟಾರಿನ ಬಾಯನ್ನು ಪಂಜರದ ಕಡೆ ತಿರುಗಿಸಿ, ಅಕ್ಕ ರಾಗಿ ಬೀಸುವಾಗ ಗುನುಗುತ್ತಿದ್ದ ಹಾಡನ್ನು ನುಡಿಸಿದ. ಸ್ವರಗಳು ಕಲ್ಲಿನ ನೆಲದ ಮೇಲೆ ನಡೆದು ಪಂಜರ ಮುಟ್ಟಿದವು. ಹಕ್ಕಿ ಕಾಳು ಹೆಕ್ಕುವುದನ್ನು ನಿಲ್ಲಿಸಿತು. ಕತ್ತು ಕೊಂಕಿಸಿತು. ನಿಧಾನವಾಗಿ ಅವನ ಕಡೆ ತಿರುಗಿತು.

ಪಂಜರ ಮುರಿದು ಬಿತ್ತು. ಸಿರಿಯವ್ವ ಸೆರಗು ಕೊಡವುತ್ತ ಎದ್ದು ನಿಂತಳು. ಮೂಕಭೈರವ ಮಂತ್ರ ಹೇಳಲು ಬಾಯಿ ತೆರೆದ. ಬಂದದ್ದು ಆಕಳಿಕೆ ಮಾತ್ರ. ಮಂತ್ರವಿಲ್ಲದ ಮೇಲೆ ಅವನೊಬ್ಬ ಹಸಿದ ಮುದುಕ ಅಷ್ಟೆ. "ನಡೀರಿ, ಮನೇಲಿ ಗಂಜಿ ಕಾಯಿಸಿಕೊಡ್ತೀನಿ. ಇನ್ಮೇಲೆ ಜನದ ಮೇಲೆ ಬೂದಿ ಎರಚಿದ್ರೆ ಜೋಕೆ" ಎಂದಳು ಸಿರಿಯವ್ವ. ಅವನು ತಲೆ ತಗ್ಗಿಸಿ ಹಿಂದೆ ಬಂದ.

ದಾರಿಯಲ್ಲಿ ಅಕ್ಕ ತಮ್ಮನ ಕೈ ಹಿಡಿದುಕೊಂಡಳು. ಹಿಡಿದವಳೇ ನಿಂತುಬಿಟ್ಟಳು. "ಇದೇನೋ ಕೆಂಚ, ನಿನ್ನ ಬೆರಳು! ಮರದ ತೊಗಟೆ ಆಗಿದ್ಯಲ್ಲೋ!"

"ಗಿಟಾರು ಕೊಂಡೆ ಅಕ್ಕ."

"ಇಷ್ಟು ಬೆಲೆ ಕೊಟ್ಯೇನೋ?" ಅವಳ ಕಣ್ಣು ತುಂಬಿತು.

ಕೆಂಚರಾಯ ನಕ್ಕ. "ಅಗ್ಗಕ್ಕೆ ಸಿಕ್ತಕ್ಕ" ಎಂದ.

ಅಂದಿನಿಂದ ಅಕ್ಕ, ತಮ್ಮ, ಗಂಜಿ ಕುಡಿಯಲು ಬರುವ ಮುದುಕ, ಹಾಡು ಕೇಳಲು ಬರುವ ಕರಡಿ ಶೆಟ್ಟರು, ಎಲ್ಲರೂ ಅಲ್ಲಿ ಚೆನ್ನಾಗಿದ್ದಾರೆ. ಕತೆ ಕೇಳಿದ ನೀವೂ ಚೆನ್ನಾಗಿರಿ.