ಚೇಳಿಲ್ಲದ ಪೊಟ್ಟಣಗಳು

ಪೊಟ್ಟಣದ ಮೇಲೆ ಚೇಳಿರಲಿಲ್ಲ.

ಮೈಸೂರಿನ ಅಂಚಿನ ಹಿನಕಲ್ ಗೋದಾಮಿನಲ್ಲಿ ನಲವತ್ತು ಪೆಟ್ಟಿಗೆ ಜರ್ದಾ. ಆರೋಗ್ಯ ನಿರೀಕ್ಷಕಿ ಪ್ರೇಮಲೀಲಾ ಒಂದೊಂದನ್ನೇ ಬಿಚ್ಚಿಸಿದಳು. ಒಂದರಲ್ಲೂ ಎಚ್ಚರಿಕೆಯ ಚಿತ್ರವಿಲ್ಲ.

ದೇಶದೇಶಗಳು ಜಿನೀವಾದಲ್ಲಿ ಕೂತು ತಂಬಾಕಿನ ವಿರುದ್ಧ ಒಪ್ಪಂದ ಮಾಡಿಕೊಂಡಿದ್ದವು. ದೆಹಲಿ ಒಪ್ಪಿತು, ನಿಯಮ ಬರೆಯಿತು, ಮುಂದೂಡಿತು, ಮತ್ತೆ ಮುಂದೂಡಿತು. ಕೊನೆಗೂ 2009ರ ಮೇ 31ರಿಂದ ತಯಾರಾಗುವ ಜರ್ದಾ ಪೊಟ್ಟಣಕ್ಕೆಲ್ಲ ಚೇಳಿನ ಚಿತ್ರ ಕಡ್ಡಾಯವಾಯಿತು. ಈಗ ಜೂನ್ ಹದಿನೆಂಟು. ಜಿನೀವಾದಿಂದ ಹೊರಟ ಚೇಳು ಹಿನಕಲ್ ಮಾತ್ರ ತಲುಪಿರಲಿಲ್ಲ.

"ತಾರೀಕು ನೋಡಿ ಮೇಡಂ," ಮಾಲೀಕ ವಾಗೀಶ ನಕ್ಕ. "ಹಳೇ ಸರಕು ಕಣ್ರೀ. ನಿಯಮ ನಮಗೆ ತಾಗಲ್ಲ."

ತಯಾರಿಕೆ: 8-10-2008.

ಆದರೂ ಅನುಮಾನ ಬಿಡದೆ ಪ್ರೇಮಲೀಲಾ ಗೋದಾಮಿಗೆ ಸೀಲು ಹಾಕಿದಳು. ಸಂಜೆಯೊಳಗೆ ವಾಗೀಶನ ದೂರು ಮೇಲಕ್ಕೆ ಹೋಯಿತು. ಚೇಳಿಲ್ಲದೆಯೂ ಕುಟುಕಿತು.

*

"ಅಮಾನತ್ತಿನ ಆದೇಶ ಟೈಪ್ ಆಗಿದೆ ಕಣಮ್ಮ," ಮೇಲಧಿಕಾರಿ ನಂಜುಂಡಯ್ಯ ಮೂಗಿನಲ್ಲೇ ಮಾತಾಡಿದರು. "ಸರಕು ಹೊಸದು ಅಂತ ನಾಳೆ ಮೂರು ಗಂಟೆಯೊಳಗೆ ಸಾಬೀತು ಮಾಡು. ಇಲ್ಲಾಂದ್ರೆ ಸಹಿ ಹಾಕ್ಬೇಕಾಗುತ್ತೆ."

ಜೀಪು ಹತ್ತಿದವಳೇ ಪ್ರೇಮಲೀಲಾ ಮೂಗು ಹಿಡಿದು ಅಣಕಿಸಿದಳು. "ಸಹಿ ಹಾಕ್ಬೇಕಾಗುತ್ತೆ ಕಣಮ್ಮ!"

ಡ್ರೈವರ್ ಬಿದ್ದು ಬಿದ್ದು ನಕ್ಕ. "ಅಂಗೇ ಐತೆ ಬುಡಿ ಮೇಡಂ! ಆದ್ರೆ ಕೆಲ್ಸ ಹೋದ್ರೆ ಎಂಗೆ?"

ಅವಳು ಚೀಲದಿಂದ ಪೊಟ್ಟಣವೊಂದನ್ನು ತೆಗೆದಳು.

ಶಾಯಿ ಹೊಸದಿರಬಹುದೇ? ಪೊಟ್ಟಣ ಒದ್ದೆ ಮಾಡಿ ಉಜ್ಜಿದಳು. ಬೆರಳು ಕೆಂಪಾಯಿತು, ಅಂಕಿ ಅಲುಗಲಿಲ್ಲ. ಲಾರಿ ರಸೀದಿ? ಸರಕು ಗೋದಾಮಿಗೆ ಬಂದದ್ದು ಜೂನ್ ಹತ್ತಕ್ಕೆ. ಅಷ್ಟು ದಿನ ಕಾರ್ಖಾನೆಯಲ್ಲೇ ಬಿದ್ದಿತ್ತು ಅಂತ ವಾಗೀಶ ಅಂದರೆ ಮುಗಿಯಿತು.

ಉಳಿದದ್ದು ತಾರೀಕು ಒಂದೇ. ಮನೆಗೆ ಹೋಗಿ ಕಳೆದ ವರ್ಷದ ಕ್ಯಾಲೆಂಡರ್ ಹುಡುಕಿದಳು. ಅಕ್ಟೋಬರ್ ಹಾಳೆ ತೆರೆದವಳು ಶಿಳ್ಳೆ ಹೊಡೆದಳು.

*

ಮರುದಿನ ಎರಡು ಗಂಟೆ. ಉದಯಗಿರಿಯಲ್ಲಿ ವಾಗೀಶನ ಜರ್ದಾ ಕಾರ್ಖಾನೆ. ಪಕ್ಕದಲ್ಲಿ ನಂಜುಂಡಯ್ಯ. ಪ್ಯಾಕಿಂಗ್ ಯಂತ್ರದ ಮೇಲೆ ಒಣಗಿದ ಕುಂಕುಮ, ವಿಭೂತಿಪಟ್ಟೆ.

"ಆಯುಧ ಪೂಜೆ ಜೋರೇನ್ರೀ?" ಪ್ರೇಮಲೀಲಾ ಕೇಳಿದಳು.

ವಾಗೀಶ ಉಬ್ಬಿದ. "ಜೋರು ಅಂದ್ರೆ? ಇಪ್ಪತ್ತು ವರ್ಷದಿಂದ ಆವತ್ತು ಒಂದು ಸ್ಕ್ರೂ ಸಹ ಮುಟ್ಟಿಲ್ಲ. ನಮ್ಮ ತಂದೆ ಕಾಲದ ಪದ್ಧತಿ."

"ಕಳೆದ ವರ್ಷ?"

"ಹೋದ ವರ್ಷವೂ ಅಷ್ಟೇ!"

ಅವಳು ಕ್ಯಾಲೆಂಡರ್ ಹಾಳೆ ಬಿಡಿಸಿದಳು. ಪೊಟ್ಟಣದ ಮೇಲಿನ ಅದೇ ಅಕ್ಟೋಬರ್ ಎಂಟು, ಬುಧವಾರ. ಆಯುಧ ಪೂಜೆ.

ವಾಗೀಶನ ಮುಖ ಸುಣ್ಣವಾಯಿತು. "ಅದು... ಹೋದ ವರ್ಷ ಮಾತ್ರ ಆರ್ಡರ್ ಅರ್ಜೆಂಟಿತ್ತು. ಓಡಿಸಿದ್ವಿ."

"ಏನಂದ್ರಿ?" ಪ್ಯಾಕಿಂಗ್ ಮಾಡುತ್ತಿದ್ದ ಚಾಮುಂಡಮ್ಮ ಎದ್ದು ನಿಂತಳು. "ಪೂಜೆ ಮಾಡಿದ್ ಮೆಸಿನ್ನ ನಾವು ಓಡಿಸಿದ್ವಾ? ಆ ಪಾಪ ನಮ್ ತಲೆ ಮೇಲಾ? ಕುಂಬಳಕಾಯಿ ಒಡ್ದು, ಕಡ್ಲೆಪುರಿ ತಗೊಂಡು ಎಲ್ರೂ ಮನೆಗ್ ಹೋದ್ವಿ! ಈ ತಾರೀಕು ಒತ್ತಿದ್ದು ಈ ತಿಂಗ್ಳು ಐದನೇ ತಾರೀಕು. ನೀವೇ ಪಕ್ದಲ್ಲಿ ನಿಂತಿದ್ರಿ!"

ಉಳಿದ ಹೆಂಗಸರೂ ಎದ್ದರು. ಯಂತ್ರ ನಿಂತಿತು. ವಾಗೀಶ ಕುರ್ಚಿ ಹುಡುಕಿದ.

"ಚೇಳಿದ್ದರೆ ಗಿರಾಕಿ ಹೆದರುತ್ತಾನೆ ಅಂತ ಹೊಸ ಸರಕಿಗೆ ಹಳೇ ತಾರೀಕು," ಪ್ರೇಮಲೀಲಾ ವಿವರಿಸಿದಳು. "ಮೇ ತಿಂಗಳ ತಾರೀಕು ಹಾಕಿದ್ದರೆ ಅನುಮಾನ ಬರುತ್ತಿತ್ತು. ಅದಕ್ಕೇ ಇವರು ಎಂಟು ತಿಂಗಳು ಹಿಂದಕ್ಕೆ ಓಡಿದರು ಸಾರ್. ಓಡುವ ಭರದಲ್ಲಿ ಹಬ್ಬ ನೋಡಲಿಲ್ಲ. ಮೈಸೂರಿನವರಾಗಿ, ದಸರಾನೇ ಮರೆತರು!"

ನಂಜುಂಡಯ್ಯ ಜೇಬಿನಿಂದ ಅಮಾನತ್ತಿನ ಆದೇಶ ತೆಗೆದರು. ಮಗುಚಿದರು. ಅದರ ಖಾಲಿ ಬೆನ್ನ ಮೇಲೆ ಮುಟ್ಟುಗೋಲಿನ ಮಹಜರು ಬರೆಯತೊಡಗಿದರು.

"ಕಾಗದ ಯಾಕೆ ದಂಡ ಮಾಡೋದು ಕಣಮ್ಮ? ಹೂಂ, ಹೇಳು. ನಲವತ್ತು ಪೆಟ್ಟಿಗೆ, ಆಮೇಲೆ?"