ಪಂಚಮಿಯ ಡ್ಯೂಟಿ

ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟ. ಬೈಯಲು ಒಂದು ನೆಪವೂ ಸಿಗುವುದಿಲ್ಲ. ಆದರೂ ಎಪ್ಪತ್ನಾಲ್ಕರ ಶ್ರಾವಣದಲ್ಲಿ ಕಸ್ತೂರಿಗೆ ಬಸಂತರಾಯನ ಮೇಲೆ ಬಂದ ಸಿಟ್ಟು ಅಂಥಿಂಥದಲ್ಲ.

ಸಿಂದಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವನು ಸೂಪರ್‌ವೈಸರ್, ಅವಳು ಆಪರೇಟರ್. ಬಿಜಾಪುರದ ಆಪರೇಟರ್ ಸಗೀರಾ ದಿನದ ಮೊದಲ ಕರೆಯಲ್ಲಿ ಡ್ಯೂಟಿ ಮೇಲೆ ಯಾರಿದ್ದಾರೆಂದು ಕೇಳುವುದು ರೂಢಿ. "ಆಪರೇಟರ್ ಕಸ್ತೂರಿ, ಸೂಪರ್‌ವೈಸರ್ ಬಸಂತರಾಯ," ಎಂದು ಇವಳು ಹೇಳುವಳು. ಎರಡು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವಾಗ ಯಾಕೋ ಖುಷಿಯಾಗುತ್ತಿತ್ತು.

ಬಸಂತರಾಯನೂ ಒಬ್ಬ ವಿಚಿತ್ರ ಸಾಹೇಬ. ಮಳೆಗೆ ತಂತಿ ಹರಿದರೆ ಲೈನ್‌ಮನ್ ಮಾಳಿಂಗಪ್ಪನ ಜೊತೆ ತಾನೂ ಹೋಗಿ ಏಣಿ ಹಿಡಿದು ನಿಲ್ಲುತ್ತಿದ್ದ. ಹಬ್ಬದ ಡ್ಯೂಟಿಗೆ ಬೇರೆ ಯಾರ ಹೆಸರನ್ನೂ ಹಾಕದೆ ತಾನೇ ಕೂಡುತ್ತಿದ್ದ. ಯಾಕೆಂದು ಕೇಳಿದರೆ, ಬಡಿಸುವವನ ಊಟ ಕೊನೆಗೆ ಎಂಬ ಒಂದೇ ಮಾತು: "ನೀಡಾಂವ ಕಡೀಕ ಉಣಬೇಕ್ರಿ."

"ಕಡೀಕಾದ್ರೂ ಉಂಡಿದ್ದು ನಾ ಕಂಡಿಲ್ಲ ಬಿಡ್ರಿ," ಎನ್ನುತ್ತಿದ್ದ ಮಾಳಿಂಗಪ್ಪ. ಸಾಹೇಬರ ಬುತ್ತಿ ಬಂದ ಹಾಗೆಯೇ ಮನೆಗೆ ಮರಳುವುದನ್ನು ಎಲ್ಲರೂ ನೋಡಿದ್ದರು.

ಒಂದು ದಿನ ಬಾಂಬೆಯ ಟ್ರಂಕ್ ಕಾಲ್ ಸಿಗಲಿಲ್ಲವೆಂದು ತೊಗರಿ ವ್ಯಾಪಾರಿಯೊಬ್ಬ ಕಸ್ತೂರಿಯನ್ನು ಬಾಯಿಗೆ ಬಂದಂತೆ ಬೈದಿದ್ದ. ಬಸಂತರಾಯ ಅವಳ ಹೆಡ್‌ಸೆಟ್ ತೆಗೆದು ತಾನು ಹಾಕಿಕೊಂಡ.

"ಹೌದ್ರಿ... ತಪ್ಪಾತ್ರಿ... ಬೈಯ್ರಿ ಸಾವ್ಕಾರ್ರ, ನಾ ಕೇಳಾಕತ್ತೇನಿ," ಎನ್ನುತ್ತಲೇ ಅವಳ ಕಡೆ ತಿರುಗಿ, ಹುಬ್ಬು ಏರಿಸಿ, ಚಹಾದ ಕಪ್ಪಿನತ್ತ ಕಣ್ಸನ್ನೆ ಮಾಡಿದ. ನೀವು ಕುಡೀರಿ ಎಂಬಂತೆ. ಅಳು ಬರುವಂತಿದ್ದ ಕಸ್ತೂರಿಗೆ ನಗು ಬಂತು. ಅವಳು ನಕ್ಕದ್ದಕ್ಕೆ ಅವನ ಕಿವಿ ಕೆಂಪಾಯಿತು. ಆ ಕೆಂಪು ಕಿವಿಯೇ ಅವಳ ನಿದ್ದೆ ಕೆಡಿಸಿದ್ದು.

ಅಂಥವನು ಪಂಚಮಿಯ ಹಿಂದಿನ ವಾರ ಬಂದು, "ಬಾಯಾರ, ಖುಷಿ ಸುದ್ದಿ ಐತಿ," ಎಂದ, ಎಂದಿನ ಮರ್ಯಾದೆಯಲ್ಲಿ. "ಬಿಜಾಪುರದಾಗ ಒಂದು ಜಾಗಾ ಖಾಲಿ ಆಗೇತಿ. ನಿಮ್ಮ ಹೆಸರ ಹೇಳೇನಿ. ಅವ್ವನ ಮನ್ಯಾಗ ಇದ್ದು ನೌಕರಿ ಮಾಡಬಹುದು."

"ನಾ ಕೇಳಿದ್ನೇನ್ರಿ?"

"ನೀವು ಕೇಳೂ ಪೈಕಿ ಅಲ್ಲ. ಅದಕ್ಕ ನಾನ ಹೇಳಿದೆ."

"ನನ್ನ ಕಳಿಸಾಕ ಭಾಳ ಅವಸರ ಐತೇನ್ರಿ ನಿಮಗ?"

ಅವನು ಬೋರ್ಡಿನ ತಂತಿಯೊಂದನ್ನು ಸುಮ್ಮನೆ ಎಳೆದು ನೋಡಿದ. "ನಿಮಗ ಚಲೋ ಆಗಲೆಂತ ಮಾಡಿದೆ. ಹಬ್ಬದ ದಿನ ಅವರು ಫೋನ್ ಮಾಡ್ತಾರ. ನಿಮ್ಮ ಪರವಾಗಿ ಹೂಂ ಅಂತ ನಾನ ಹೇಳ್ತೇನಿ. ನೀವು ಊರಿಗೆ ಹೋಗಿ ಜೋಕಾಲಿ ಆಡ್ರಿ."

ಹೂಂ ಅಂದರೆ ಮುಗಿಯಿತು. ಆಮೇಲೆ ಅವನು ಬರೀ ಧ್ವನಿ. ಅದೂ ಲೈನ್ ಚೆನ್ನಾಗಿದ್ದ ದಿನ.

ಪಂಚಮಿಯ ಬೆಳಿಗ್ಗೆ ಬಿಜಾಪುರದ ಮನೆಯಲ್ಲಿ ತಾಯಿ ಸಿದ್ದವ್ವ ಉಂಡಿ ಕಟ್ಟುತ್ತಿದ್ದಳು. ತೀರಿಹೋದ ಗಂಡನ ಹೆಸರನ್ನು ಇವತ್ತಿಗೂ ಬಾಯಿಬಿಟ್ಟು ಹೇಳಿದವಳಲ್ಲ ಅವಳು. ರೇಶನ್ ಕಾರ್ಡಿನವರು ಕೇಳಿದರೂ ಮಗಳ ಕಡೆ ಕೈ ಮಾಡುವಳು. ಈಗ ಮಗಳ ಮುಖವನ್ನೇ ನೋಡುತ್ತ ಕೇಳಿದಳು.

"ನಿನ್ನಿ ಬಂದಾಗಿಂದ ನಿಮ್ಮ ಸಾಹೇಬ್ರನ್ನ ಬೈಯಾಕತ್ತಿ. ಲಗ್ನ ಆಗೇತೇನು ಅವರದು?"

"ಇಲ್ಲಬೇ."

"ಹಂಗಾರ ಜೋಕಾಲಿ ನಾಳೆನೂ ಇರ್ತೈತಿ. ಸಿಂದಗಿ ಬಸ್ ನಿಂದ್ರಂಗಿಲ್ಲ, ಏಳು." ಉಂಡಿಯ ಗಂಟನ್ನು ಮಗಳ ಮಡಿಲಿಗೆ ಹಾಕಿದಳು.

ಮಧ್ಯಾಹ್ನ ಎಕ್ಸ್‌ಚೇಂಜಿನಲ್ಲಿ ಬಸಂತರಾಯ ಒಬ್ಬನೇ ಇದ್ದ. ಬುತ್ತಿ ಬಿಚ್ಚಿರಲಿಲ್ಲ. ಹೊರಗೆ ಬೇವಿನ ಮರದ ಜೋಕಾಲಿಯಲ್ಲಿ ಹುಡುಗಿಯರ ಕೇಕೆ. ಬಾಗಿಲಲ್ಲಿ ಕಸ್ತೂರಿಯನ್ನು ಕಂಡು ದಡಬಡಿಸಿ ಎದ್ದ.

"ಯಾಕ ಬಂದ್ರಿ? ಬಿಜಾಪುರದ ಫೋನ್ ಇನ್ನೂ ಬಂದಿಲ್ಲ. ಹಬ್ಬಾ ಬಿಟ್ಟು..."

"ಹಬ್ಬಾ ಬಿಟ್ಟಿಲ್ಲ, ತಂದೇನಿ." ಅವಳು ಗಂಟು ಬಿಚ್ಚಿದಳು. ಎಳ್ಳುಂಡಿ, ಶೇಂಗಾ ಉಂಡಿ. "ಹೆಡ್‌ಸೆಟ್ ಕೊಡ್ರಿ."

"ಇವತ್ತ ಡ್ಯೂಟಿ ನಂದೈತ್ರಿ, ಬಾಯಾರ."

ಅವಳೇ ಕೈ ಚಾಚಿ ಅವನ ತಲೆಯಿಂದ ತೆಗೆದಳು. ಕೂದಲು ಸಿಕ್ಕಿಕೊಂಡಿತು. ಬಿಡಿಸಲು ಅವಳು ತೆಗೆದುಕೊಂಡಷ್ಟು ಹೊತ್ತು ಬೇಕಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಕಿವಿ ಮತ್ತೆ ಕೆಂಪಾಗುವುದನ್ನು ಅವಳು ಹತ್ತಿರದಿಂದ ನೋಡಿದಳು.

"ನೀಡಾಂವ ಕಡೀಕ..." ಎಂದು ಅವನು ಶುರು ಮಾಡಿದ.

"ಗೊತ್ತೈತ್ರಿ. ಆದ್ರ ನೀಡಾಂವಗ ನೀಡಾವ್ರು ಯಾರು?" ಅವಳು ಉಂಡಿಯ ಗಂಟನ್ನು ಅವನತ್ತ ಸರಿಸಿದಳು. "ಎಲ್ಲಾರ ಸಲುವಾಗಿ ಬಡದಾಡ್ತೀರಿ, ನಿಮ್ಮಂಥಾ ಸಾಹೇಬ್ರು ಸಿಗಂಗಿಲ್ಲ, ಖರೆ. ಆದ್ರ ನನಗ ಏನ ಬೇಕಂತ ನೀವ ತಿಳ್ಕೊಂಡ ಬಿಟ್ರಿ. ಒಂದ ಮಾತು ಕೇಳಿದ್ರ ಏನಾಗ್ತಿತ್ತು?"

ಬಸಂತರಾಯ ಗೋಡೆ ಪಕ್ಕದ ಸ್ಟೂಲ್ ಎಳೆದುಕೊಂಡು ಕುಳಿತ. ಉಂಡಿಯೊಂದನ್ನು ಕೈಗೆತ್ತಿಕೊಂಡ.

"ತಪ್ಪಾತ್ರಿ," ಎಂದ. ಇದು ಗಿರಾಕಿಗಳಿಗೆ ಹೇಳುವ ತಪ್ಪಾತ್ರಿ ಆಗಿರಲಿಲ್ಲ. "ಈಗ ಕೇಳ್ತೇನಿ. ನಿಮಗ ಏನ ಬೇಕ್ರಿ?"

ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬಿಜಾಪುರದ ಗಂಟೆ ಹೊಡೆಯಿತು. ಕಸ್ತೂರಿ ಬೋರ್ಡಿನ ಮುಂದೆ ಕುಳಿತು ತಂತಿ ಚುಚ್ಚಿ ಹಲೋ ಎಂದಳು.

"ಕಸ್ತೂರೀ! ಹಬ್ಬಕ್ಕ ಹೋಗಿಲ್ಲೇನ?" ಸಗೀರಾಳ ಧ್ವನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದು. "ಇಲ್ಲೆ ಸಾಹೇಬ್ರು ಕೇಳಾಕತ್ತಾರ. ವರ್ಗಾವಣಿಗೆ ಹೂಂ ಅಂತೀಯೋ, ಊಹೂಂ ಅಂತೀಯೋ?"

"ಊಹೂಂ ಅಂತ ಹೇಳು. ನಾ ಇಲ್ಲೇ ಇರ್ತೇನಿ."

ಬೆನ್ನ ಹಿಂದೆ ಉಂಡಿ ಕಡಿಯುವ ಸದ್ದು ನಿಂತಿತು.

"ಆತು, ಬರಕೋತೀನಿ. ಡ್ಯೂಟಿ ಮ್ಯಾಲೆ ಯಾರದೀರಿ, ಹೇಳು."

"ಆಪರೇಟರ್ ಕಸ್ತೂರಿ. ಸೂಪರ್‌ವೈಸರ್..." ಅವಳು ತಿರುಗಿ ನೋಡಿದಳು. ಅವನು ಅರ್ಧ ಉಂಡಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ.

"ಸೂಪರ್‌ವೈಸರ್ ಯಾರು? ಲೈನ್ ಹೋತೇನು?"

"ಹೆಸರ ಹೇಳಾಕ ಬರಂಗಿಲ್ಲ, ಸಗೀರಾ."

"ಅಯ್ಯ! ಮೊನ್ನಿತನಕ ದಿನಾ ಹೇಳ್ತಿದ್ದಿ ಅಲ್ಲ?"

"ಮೊನ್ನಿತನಕ ಹೇಳ್ತಿದ್ದೆ. ಇನ್ನ ಮ್ಯಾಲೆ ಆಗಂಗಿಲ್ಲ."

ಸಗೀರಾ ನಕ್ಕ ನಗು ಸಿಂದಗಿಯವರೆಗೆ ತಂತಿಯೇ ಬೇಡ ಎನ್ನುವಂತಿತ್ತು. ಕಸ್ತೂರಿ ಮುಖ ಎಲ್ಲಿಡಬೇಕೆಂದು ತಿಳಿಯದೆ ತಂತಿ ಕಿತ್ತಳು. ಹಿಂದೆ ತಿರುಗುವ ಧೈರ್ಯ ಮಾತ್ರ ಬರಲಿಲ್ಲ.

ಸ್ಟೂಲ್ ಸರಿದ ಸದ್ದಾಗಲಿಲ್ಲ. ಅವನು ಎದ್ದಿರಲಿಲ್ಲ.

"ಕಸ್ತೂರಿ," ಎಂದ. ಬಾಯಾರ ಅನ್ನಲಿಲ್ಲ. "ಭಾಳ ಹಸಿವಾಗೇತಿ. ಇನ್ನೊಂದು ಉಂಡಿ ನೀಡು."